ಏಳು ಗಂಟೆ ಮೇಡಂ ಮುಖಕ್ಕೆ ಒಂದು ಹನಿ ಕಿತ್ತಳೆ

ಹನಿಯಕ್ಕನ ನಿಜವಾದ ಹೆಸರೇನು ಎಂದು ಚಾನೆಲ್ಲಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಹಾಜರಿ ಪುಸ್ತಕ ತೆಗೆದು ನೋಡದೆ ಹೇಳುವವರು ಒಬ್ಬರೂ ಇಲ್ಲ. ಎಂಟು ವರ್ಷದಿಂದ ಅಲ್ಲಿನ ಮೇಕಪ್ ರೂಮು ಅವಳದು, ಆ ರೂಮಿನ ದೊಡ್ಡ ಕಿಟಕಿ ಅವಳದು, ಕಿಟಕಿಯ ಪಕ್ಕದ ತಿರುಗುವ ಕುರ್ಚಿ ಅವಳದು. ಆದರೆ ಹೆಸರು ಮಾತ್ರ ಅಪ್ಪನ ಶೆಡ್ಡಿನಿಂದ ಬಂದದ್ದು, ಅದೂ ಆರನೇ ವಯಸ್ಸಿನಲ್ಲಿ.

ಅಪ್ಪ ಕಾರಿಗೆ ಬಣ್ಣ ಹೊಡೆಯುವವರು. ಹೊಸ ಕಾರಿಗಲ್ಲ, ಗೇಟಿಗೆ ಉಜ್ಜಿಸಿಕೊಂಡು, ಕಂಬಕ್ಕೆ ಗುದ್ದಿಸಿಕೊಂಡು, ಮುಖ ಸೊಟ್ಟ ಮಾಡಿಕೊಂಡು ಬರುವ ಕಾರುಗಳಿಗೆ. ತಗ್ಗು ಎತ್ತಿ, ಉಜ್ಜಿ, ನಯ ಮಾಡಿ, ಆಮೇಲೆ ಆ ಒಂದು ಬಾಗಿಲಿಗೆ ಮಾತ್ರ ಉಳಿದ ಮೈಗೆ ಹೊಂದುವ ಬಣ್ಣ ಕಲೆಸಬೇಕು. ಅಲ್ಲೇ ಇರುವುದು ಕಷ್ಟ! ಹತ್ತು ವರ್ಷ ಓಡಾಡಿದ ಬಿಳಿ ಕಾರು ಅಂಗಡಿಯ ಡಬ್ಬಿಯ ಬಿಳಿಯಾಗಿ ಉಳಿದಿರುವುದಿಲ್ಲ. ಅಪ್ಪ ಕಲೆಸುವುದು, ತಗಡಿನ ಚೂರಿಗೆ ಬಳಿಯುವುದು, ಶೆಡ್ಡಿನ ಹೊರಗೆ ಬಿಸಿಲಿಗೆ ಹೋಗಿ ಬಾಗಿಲ ಪಕ್ಕ ಹಿಡಿದು ಕಣ್ಣು ಕಿರಿದು ಮಾಡುವುದು, ಗೊಣಗುವುದು, ಮತ್ತೆ ಒಳಗೆ ಬರುವುದು. ಒಂದು ದಿನ ಹೀಗೆ ನಾಲ್ಕು ಸಲ ಆಯಿತು. ಟೈರಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿ, "ಅಪ್ಪ, ಅದು ಕೆಂಪಗಿದೆ," ಎಂದಳು.

"ಬಿಳಿ ಬಣ್ಣದಲ್ಲಿ ಕೆಂಪೆಲ್ಲಿಂದ ಬಂತೇ? ಸುಮ್ನೆ ಲೆಕ್ಕ ಮಾಡು."

"ಇದೆ ಅಪ್ಪ. ಒಂದು ಹನಿ ಹಸಿರು ಹಾಕು."

ಬಾಯಿ ಮುಚ್ಚಿಸಲೆಂದೇ ಅಪ್ಪ ಒಂದು ಹನಿ ಹಸಿರು ಹಾಕಿದರು. ತಗಡಿಗೆ ಬಳಿದರು. ಹೊರಗೆ ಹೋಗಿ ಬಾಗಿಲ ಪಕ್ಕ ಹಿಡಿದರು. ತಗಡು ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು ಎಂದು ಅವರಿಗೇ ಗೊತ್ತಾಗಲಿಲ್ಲ! ಅವತ್ತಿನಿಂದ ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅವಳು ಹನಿ. ಮೆಕ್ಯಾನಿಕ್ಕುಗಳು ಟೀ ಕುಡಿಯುವಾಗಲೂ ಲೋಟ ಮುಂದೆ ಹಿಡಿದು, "ಹನಿ, ಇದಕ್ಕೆ ಏನು ಕಮ್ಮಿ ಹೇಳಮ್ಮಾ," ಎಂದು ರೇಗಿಸುವರು. "ಹಾಲು," ಎನ್ನುವಳು ಅವಳು, ಸ್ವಲ್ಪವೂ ನಗದೆ.

ಅಪ್ಪನಿಂದ ಅವಳು ಕಲಿತದ್ದು ಮೂರೇ ಮಾತು. ಕೆಂಪನ್ನು ಹಸಿರು ಅಡಗಿಸುತ್ತದೆ, ನೀಲಿಯನ್ನು ಕಿತ್ತಳೆ, ನೇರಳೆಯನ್ನು ಹಳದಿ. ಇದು ಮೊದಲನೆಯದು. ಯಾವುದನ್ನೂ ಒಂದು ಹನಿಗಿಂತ ಹೆಚ್ಚು ಹಾಕಬೇಡ, ಬೇಕಾದರೆ ಇನ್ನೊಂದು ಹನಿ ಹಾಕಬಹುದು, ಹಾಕಿದ್ದನ್ನು ತೆಗೆಯಲಾಗದು, ಇದು ಎರಡನೆಯದು. ಮೂರನೆಯದನ್ನು ಅಪ್ಪ ದಿನಕ್ಕೆ ಹತ್ತು ಸಲ ಕೂಗಿ ಹೇಳುತ್ತಿದ್ದರು: "ಒಳಗೆ ನೋಡ್ಬೇಡ, ಬಿಸಿಲಿಗೆ ಬಾ! ಟ್ಯೂಬ್‌ಲೈಟು ಸುಳ್ಳುಬುರುಕ!"

ಈ ಮೂರು ಮಾತು ಕಾರಿನಿಂದ ಕೆನ್ನೆಗೆ ಹಾರಿದ್ದು ಹೇಗೆ ಎಂದರೆ, ಚಿಕ್ಕಮ್ಮನ ಮಗಳು ಸೈಕಲ್ಲಿನಿಂದ ಬಿದ್ದದ್ದರಿಂದ. ಬಿದ್ದದ್ದು ಮಂಗಳವಾರ, ಕೆಲಸದ ಇಂಟರ್‌ವ್ಯೂ ಇದ್ದದ್ದು ಶುಕ್ರವಾರ. ಅಷ್ಟರಲ್ಲಿ ಕಣ್ಣಿನ ಕೆಳಗಿನ ಗಾಯ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಚಿಕ್ಕಮ್ಮ ಪೌಡರ್ ಹಾಕಿದರು, ಬೂದಿಯಾಯಿತು. ಇನ್ನೂ ಹಾಕಿದರು, ಬೂದಿಯ ಗುಡ್ಡೆಯಾಯಿತು. ಹುಡುಗಿ ಅಳಲು ಶುರುಮಾಡಿದಳು, ಗುಡ್ಡೆಯಲ್ಲಿ ಹೊಳೆ ಹರಿಯಿತು. ಆಗ ಹತ್ತೊಂಬತ್ತರ ಹನಿ ಎಲ್ಲವನ್ನೂ ಒರೆಸಿ, ಕಣ್ಣಿನ ರೆಪ್ಪೆಗೆ ಹಚ್ಚುವ ಹಳದಿ ಪುಡಿಯನ್ನು ಉಗುರಿನಷ್ಟು ಕೆರೆದು, ಕೋಲ್ಡ್ ಕ್ರೀಮಿನಲ್ಲಿ ಕಲೆಸಿ, ನೇರಳೆಯ ಮೇಲೆ ಮಾತ್ರ ತಟ್ಟಿದಳು. ನೇರಳೆ ಕಂದು ಬಣ್ಣವಾಯಿತು. ಕಂದಿನ ಮೇಲೆ ಮೈಬಣ್ಣದ ಕ್ರೀಮು. ಮುಗಿಯಿತು!

"ಅಯ್ಯೋ ಇವಳೇ, ಎಲ್ಲೋಯ್ತೇ ಅದು?" ಎಂದು ಚಿಕ್ಕಮ್ಮ ಮಗಳ ಮುಖವನ್ನು ಪಾತ್ರೆ ತಿರುಗಿಸಿದ ಹಾಗೆ ತಿರುಗಿಸಿ ನೋಡಿದರು.

"ಅಲ್ಲೇ ಇದೆ ಚಿಕ್ಕಮ್ಮ. ಕಾಣ್ತಿಲ್ಲ ಅಷ್ಟೆ."

ಆಮೇಲೆ ಒಂದು ದಿನ ಫ್ಯಾನ್ಸಿ ಅಂಗಡಿಯ ಗಾಜಿನೊಳಗೆ ಒಂದು ಪುಟ್ಟ ಚಪ್ಪಟೆ ಡಬ್ಬಿ ಕಂಡಿತು. ಅದರಲ್ಲಿ ಆರು ಗುಂಡಿ: ಹಸಿರು, ಹಳದಿ, ಕಿತ್ತಳೆ, ತಿಳಿ ಕಿತ್ತಳೆಯಂಥ ಪೀಚ್, ತಿಳಿ ನೇರಳೆ, ಇನ್ನೊಂದು ಗುಲಾಬಿ. ಮುಖದ ಬಣ್ಣ ಸಮ ಮಾಡಲು ಇದು, ಕಲರ್ ಕರೆಕ್ಟರ್ ಅಂತಾರೆ, ಎಂದು ಅಂಗಡಿಯವಳು ವಿವರಿಸಲು ಹೊರಟಳು. ಮೊಡವೆಯ ಕೆಂಪಿಗೆ ಹಸಿರು, ಕಣ್ಣಿನ ಕೆಳಗಿನ ಕಪ್ಪಿಗೆ ಕಿತ್ತಳೆ, ಕಳೆಗುಂದಿ ಹಳದಿ ತಿರುಗಿದ ಮುಖಕ್ಕೆ ತಿಳಿ ನೇರಳೆ... ಹನಿ ಗಾಜಿನ ಮೇಲೆ ಎರಡೂ ಕೈ ಊರಿ ನಗುತ್ತ ನಿಂತುಬಿಟ್ಟಳು. ಇದು ಅಪ್ಪನ ಶೆಡ್ಡು! ಅಪ್ಪನ ಶೆಡ್ಡನ್ನೇ ಯಾರೋ ಕುಗ್ಗಿಸಿ, ಕನ್ನಡಿ ಅಂಟಿಸಿ, ಮುಚ್ಚಳ ಹಾಕಿಟ್ಟಿದ್ದಾರೆ!

ಹೀಗೆ ಬ್ಯೂಟಿ ಪಾರ್ಲರು, ಪಾರ್ಲರಿನಿಂದ ಚಾನೆಲ್ಲು. ಪಾರ್ಲರಿನಲ್ಲಿದ್ದಾಗ ಅವಳ ಒಂದು ಅಭ್ಯಾಸ ಆ ಬೀದಿಗೆಲ್ಲ ಗೊತ್ತಿತ್ತು. ಕರೆಕ್ಟರ್ ಹಚ್ಚಿದ ಮೇಲೆ ಗಿರಾಕಿಯನ್ನು ಕೈಹಿಡಿದು ಹೊರಗೆ ಕರೆತಂದು ಫುಟ್‌ಪಾತಿನ ಮೇಲೆ ಕುರ್ಚಿ ಹಾಕಿ ಕೂರಿಸಿ, ಬಿಸಿಲಲ್ಲಿ ನೋಡಿದ ಮೇಲೇ ಮುಂದಿನ ಕೆಲಸ. ಎದುರಿನ ಬೇಕರಿಯವರು, ಬಸ್ಸಿಗೆ ಕಾಯುವವರು ಎಲ್ಲ ಅರ್ಧ ಹಸಿರು ಅರ್ಧ ಕಿತ್ತಳೆಯ ಮುಖಗಳನ್ನು ನೋಡಿ ನೋಡಿ ಪಳಗಿ ಹೋಗಿದ್ದರು. ಚಾನೆಲ್ಲಿಗೆ ಸೇರುವಾಗಲೂ ಅವಳು ಕೇಳಿದ್ದು ಒಂದೇ, "ರೂಮಿಗೆ ಕಿಟಕಿ ಇದೆಯಾ?"

ಈಗ ಏಳು ಗಂಟೆ ಮೇಡಂ ವಿಷಯ.

ಮೇಡಂ ಹತ್ತೊಂಬತ್ತು ವರ್ಷದಿಂದ ಸಂಜೆ ಏಳರ ವಾರ್ತೆ ಓದುವವರು. ಜನ ಗಡಿಯಾರ ನೋಡಿ ಟೀವಿ ಹಾಕುತ್ತಿರಲಿಲ್ಲ, ಮೇಡಂ ಮುಖ ಬಂತೆಂದರೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ವಯಸ್ಸು ಐವತ್ತಕ್ಕೆ ಒಂದು ಕಮ್ಮಿ. ಎರಡೂ ಕೆನ್ನೆಯ ಮೇಲೆ ಬಂಗು, ಎಡಗಡೆ ಸ್ವಲ್ಪ ಜಾಸ್ತಿ. ಕಣ್ಣಿನ ಕೆಳಗೆ ಕಪ್ಪು. ಮೂಗಿನ ಎರಡು ಪಕ್ಕ ಕೆಂಪು, ಅದು ಕನ್ನಡಕದ ಕಾಣಿಕೆ. ಹಳೇ ಕ್ಯಾಮೆರಾಗಳಿಗೆ ಇದೆಲ್ಲ ಅಷ್ಟಾಗಿ ತಿಳಿಯುತ್ತಿರಲಿಲ್ಲ, ಹನಿಯಕ್ಕ ತೆಳುವಾಗಿ ತಟ್ಟಿದರೆ ಸಾಕಾಗುತ್ತಿತ್ತು. ಆದರೆ ಸೋಮವಾರ ಸ್ಟುಡಿಯೋಗೆ ಹೊಸ ಕ್ಯಾಮೆರಾ ಬಂತು, ಜೊತೆಗೆ ಸೂರಿನ ತುಂಬ ಹೊಸ ದೀಪ. ಟೆಸ್ಟಿನಲ್ಲಿ ಮೇಡಂ ಮುಖ ಗೋಡೆಯಷ್ಟು ದೊಡ್ಡ ಟೀವಿಯಲ್ಲಿ ಮೂಡಿತು. ಬಂಗು ಕೂಡ ಅಷ್ಟೇ ದೊಡ್ಡದಾಗಿ ಮೂಡಿತು.

ಪ್ರೊಡ್ಯೂಸರ್ ಗಂಟಲು ಸರಿಮಾಡಿಕೊಂಡರು. "ಮೇಡಂ, ತಪ್ಪು ತಿಳ್ಕೋಬೇಡಿ. ಗುರುವಾರ ಇನ್ನೊಂದು ಟೆಸ್ಟ್ ಮಾಡೋಣ. ಅದನ್ನ ಹನ್ನೆರಡಕ್ಕೆ ಮೇಲಿನವರಿಗೆ ತೋರಿಸ್ಬೇಕು. ಆಗಲೂ ಹೀಗೇ ಬಂದ್ರೆ... ಬೆಳಗಿನ ಕಾರ್ಯಕ್ರಮದ ಹುಡುಗಿ ಏಳು ಗಂಟೆಗೆ ಬರ್ತಾಳೆ. ನಿಮ್ಮ ಧ್ವನಿ ಎಲ್ಲೂ ಹೋಗಲ್ಲ ಬಿಡಿ, ಹಿನ್ನೆಲೆಯಲ್ಲಿ ನೀವೇ ಓದ್ತೀರಿ."

ಮೇಡಂ ಕನ್ನಡಕ ಒರೆಸಿಕೊಂಡರು. "ಅಂದ್ರೆ ನಾನು ರೇಡಿಯೋ ಆಗ್ತೀನಿ," ಎಂದರು. ಅಷ್ಟೇ ಹೇಳಿ ನೇರ ಮೇಕಪ್ ರೂಮಿಗೆ ಬಂದು ತಿರುಗುವ ಕುರ್ಚಿಯಲ್ಲಿ ಕೂತು ಅರ್ಧ ಸುತ್ತು ತಿರುಗಿದರು.

"ಹನೀ, ಕೇಳಿಸ್ಕೋ. ಬಂಗು ಕಾಣಬಾರ್ದು. ಕಪ್ಪು ಕಾಣಬಾರ್ದು. ಆದರೆ ಈ ನಗೋ ಗೆರೆ ಇದೆಯಲ್ಲ, ಹಣೆ ಮೇಲಿಂದು ಇದೆಯಲ್ಲ, ಅದನ್ನ ಮುಟ್ಬೇಡ. ಅದು ನಾನು ದುಡಿದು ಮಾಡ್ಕೊಂಡಿದ್ದು. ಗೊಂಬೆ ಮುಖ ಹಾಕ್ಕೊಂಡು ಪ್ರವಾಹದ ಸುದ್ದಿ ಓದೋಕೆ ನನ್ನ ಕೈಲಿ ಆಗಲ್ಲ. ಆಗತ್ತಾ?"

"ಆಗತ್ತೆ ಮೇಡಂ," ಎಂದಳು ಹನಿಯಕ್ಕ. ಯೋಚನೆ ಕೂಡ ಮಾಡಲಿಲ್ಲ. ಬಿಳಿ ಬಣ್ಣದಲ್ಲಿ ಕೆಂಪನ್ನು ಹುಡುಕಿದವಳು ಅವಳು!

ಗುರುವಾರ ಒಂಬತ್ತೂವರೆಗೆ ಕೆಲಸ ಶುರು. ಮೊದಲು ಮುಖಕ್ಕೆ ನೀರಿನಂಥ ಕ್ರೀಮು, ಅದು ಹೀರಿಕೊಳ್ಳುವವರೆಗೆ ಇಬ್ಬರೂ ಟೀ ಕುಡಿದರು. ಆಮೇಲೆ ಆರು ಗುಂಡಿಯ ಡಬ್ಬಿ ತೆರೆಯಿತು. ಮೇಡಂ ಅವರದು ಗೋಧಿ ಬಣ್ಣಕ್ಕಿಂತ ಒಂದು ಮೆಟ್ಟಿಲು ಗಾಢ, ಅದಕ್ಕೆ ತೆಳು ಪೀಚ್ ಹಚ್ಚಿದರೆ ಬೂದಿ ಬಳಿದ ಹಾಗೆ ಆಗುತ್ತದೆ. ಆದ್ದರಿಂದ ಪೀಚಿಗೆ ಕಿತ್ತಳೆ ಸೇರಿಸಿ ಹಿಂಗೈ ಮೇಲೆ ಕಲೆಸಿದಳು. ಉಂಗುರದ ಬೆರಳಿನ ತುದಿಯಿಂದ ಬಂಗಿನ ಮೇಲೆ ಮಾತ್ರ ಟಪ್ ಟಪ್ ಟಪ್. ಉಜ್ಜುವುದಿಲ್ಲ, ಉಜ್ಜಿದರೆ ಹಚ್ಚಿದ್ದೆಲ್ಲ ಬೆರಳಿಗೇ ವಾಪಸ್ಸು. ಕಣ್ಣಿನ ಕೆಳಗೆ ಅದೇ, ಇನ್ನೂ ತೆಳು. ಮೂಗಿನ ಪಕ್ಕ ಸಾಸಿವೆಯಷ್ಟು ಹಸಿರು. ಆಗ ಮೇಡಂ ಕನ್ನಡಿ ನೋಡಿ, "ಟ್ರಾಫಿಕ್ ಸಿಗ್ನಲ್ ಆದೆ," ಎಂದರು.

"ಇನ್ನೂ ಕೆಂಪು ಬಿದ್ದಿಲ್ಲ ಮೇಡಂ, ಅಲ್ಲಾಡ್ಬೇಡಿ."

ಕಲೆ ಮುಚ್ಚುವ ಮೈಬಣ್ಣದ ಕನ್ಸೀಲರ್, ಅದರ ಮೇಲೆ ಫೌಂಡೇಶನ್ನು, ಕೊನೆಗೆ ಚಿಟಿಕೆ ಪೌಡರು. ಕಿಟಕಿಯ ಬೆಳಕು ಸಾಲದು, ಇವತ್ತು ಖಾತ್ರಿಯಾಗಬೇಕು ಎಂದು ಹನಿಯಕ್ಕ ಹಳೇ ಅಭ್ಯಾಸವನ್ನೇ ಮಾಡಿದಳು. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬಗಲಲ್ಲಿ ಇಟ್ಟುಕೊಂಡು, ಮೇಡಂ ಅವರನ್ನು ಮೆಟ್ಟಿಲಿಳಿಸಿ, ಪಾರ್ಕಿಂಗಿನಲ್ಲಿ ಎರಡು ಕಾರುಗಳ ಮಧ್ಯೆ ಬಿಸಿಲಿಗೆ ಕೂರಿಸಿದಳು. ನೀಲಿ ಕೋಟು, ಕುತ್ತಿಗೆಗೆ ಟವೆಲ್ಲು, ಕಣ್ಣು ಮುಚ್ಚಿಕೊಂಡು ಮೇಡಂ.

ಗೇಟು ಕಾಯುವ ತಾತ ಎದ್ದು ಬಂದರು. "ಏನಮ್ಮಾ, ಮೇಡಮ್ಮನ್ನ ಒಣಗ್ಸೋಕೆ ಹಾಕಿದೀಯಾ?"

"ಹೌದು ತಾತ. ಮಡಚಿ ಇಡೋದು ಬಾಕಿ," ಎಂದರು ಮೇಡಂ ಕಣ್ಣು ತೆರೆಯದೆ.

ಹನಿಯಕ್ಕ ಎಡದಿಂದ ನೋಡಿದಳು, ಬಲದಿಂದ ನೋಡಿದಳು, ಮಂಡಿಯೂರಿ ಕೆಳಗಿನಿಂದ ನೋಡಿದಳು. ಬಂಗು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು, ಗೊತ್ತಾಗಲಿಲ್ಲ. ನಗೆಯ ಗೆರೆ ಮಾತ್ರ ಇದ್ದಲ್ಲೇ ಇತ್ತು. ತಾತ ಕೂಡ ಬಗ್ಗಿ ನೋಡಿ, "ಚೆನ್ನಾಗಿದೆ ಕಣಮ್ಮಾ, ನೀರು ಕುಡಿದ ಗಿಡದ ಹಾಗಿದೆ," ಎಂದರು. ಗೆದ್ದೆವು! ಹನಿಯಕ್ಕ ಕುರ್ಚಿಯನ್ನು ಬಗಲಿಗೇರಿಸಿ ಮೆಟ್ಟಿಲು ಎರಡೆರಡಾಗಿ ಹತ್ತಿದಳು.

ಸ್ಟುಡಿಯೋದಲ್ಲಿ ಒಂದೇ ಒಂದು ಕಿಟಕಿ ಇಲ್ಲ. ಕಪ್ಪು ಗೋಡೆ, ಕಪ್ಪು ಪರದೆ, ಮಧ್ಯೆ ದೋಣಿಯ ಆಕಾರದ ಮೇಜು. ಮೇಡಂ ಮೇಜಿನ ಹಿಂದೆ ಕೂತರು. ಕ್ಯಾಮೆರಾಮನ್ನು ಕ್ಯಾಮೆರಾಕ್ಕೆ ಕಣ್ಣಿಟ್ಟು ನಿಂತ. ಪ್ರೊಡ್ಯೂಸರ್ ಕೈಕಟ್ಟಿ ನಿಂತರು. ಸೂರಿನ ದೀಪಗಳು ಒಂದರ ಹಿಂದೆ ಒಂದು ಹತ್ತಿದವು. ದೊಡ್ಡ ಟೀವಿಯಲ್ಲಿ ಮುಖ ಬಂತು.

ಹನಿಯಕ್ಕ ಟೀವಿಯ ಕಡೆ ಎರಡು ಹೆಜ್ಜೆ ಹೋದಳು.

ಮೂಗಿನ ಎರಡು ಪಕ್ಕ ಪಾಚಿ ಕಟ್ಟಿತ್ತು. ಕಣ್ಣಿನ ಕೆಳಗೆ ಸಿಮೆಂಟು. ಎಡಗೆನ್ನೆಯ ಬಂಗು ಹೋಗುವುದಿರಲಿ, ನೀಲಿ ನೆರಳಾಗಿ ಇನ್ನೂ ಅಗಲವಾಗಿ ಕೂತಿತ್ತು. ಹತ್ತು ನಿಮಿಷದ ಹಿಂದೆ ನೀರು ಕುಡಿದ ಗಿಡ, ಈಗ ಜ್ವರದಿಂದ ಎದ್ದು ಬಂದ ಹಾಗೆ!

ಪ್ರೊಡ್ಯೂಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡಿ ಮೇಡಂ," ಎಂದು ಮೆತ್ತಗೆ ಹೇಳಿದರು, ಆಗಲೇ ಎಲ್ಲ ಮುಗಿದುಹೋಯಿತು ಎನ್ನುವವರಂತೆ.

"ಹೋಗ್ಲಿ ಬಿಡೋದೇನು? ಹನ್ನೊಂದಕ್ಕೆ ಐದು ನಿಮಿಷ ಇದೆ," ಎಂದರು ಮೇಡಂ. "ಹನ್ನೆರಡಕ್ಕಲ್ವಾ ನೀವು ತೋರಿಸ್ಬೇಕಾಗಿರೋದು?"

"ಹನ್ನೊಂದೂವರೆಗೆ ರೆಕಾರ್ಡ್ ಮಾಡ್ಲೇಬೇಕು. ಆಮೇಲೆ ನನ್ನ ಕೈಲೂ ಏನೂ ಇಲ್ಲ," ಎಂದು ಅವರು ಹೊರಗೆ ಹೋದರು.

ಮೇಡಂ ಅವರನ್ನು ಮೇಕಪ್ ರೂಮಿನ ಕಿಟಕಿಯ ಬಳಿ ಕೂರಿಸಿ ಹನಿಯಕ್ಕ ಎಲ್ಲದರ ಮೇಲೆ ಇನ್ನೊಂದು ಪದರ ಕನ್ಸೀಲರ್ ತಟ್ಟಿದಳು. ಕಿಟಕಿಯಲ್ಲಿ ಚೆನ್ನಾಗಿ ಕಂಡಿತು. ಸ್ಟುಡಿಯೋಗೆ ಓಡಿ ನೋಡಿದರೆ ಪಾಚಿಯ ಮೇಲೆ ಸುಣ್ಣ ಹೊಡೆದ ಹಾಗಿತ್ತು. ಹನ್ನೊಂದು ಐದು. ಅವಳಿಗೆ ಜೀವನದಲ್ಲೇ ಮೊದಲ ಸಲ ತನ್ನ ಕಣ್ಣಿನ ಮೇಲೆ ಸಿಟ್ಟು ಬಂತು. ಬಾಗಿಲ ಹೊರಗೆ ಕಾರಿಡಾರಿನಲ್ಲಿ ನಿಂತು ಅಪ್ಪನಿಗೆ ಫೋನು ಮಾಡಿದಳು. ಆ ಕಡೆ ಯಾರೋ ತಗಡು ಬಡಿಯುತ್ತಿದ್ದರು.

"ಅಪ್ಪಾ! ಬಣ್ಣ ಬಿಸಿಲಲ್ಲಿ ಹೊಂದಿದೆ, ಒಳಗೆ ಹೊಂದ್ತಿಲ್ಲ!"

"ಏನು? ಯಾವ ಗಾಡಿ?"

"ಗಾಡಿ ಅಲ್ಲಪ್ಪ, ಮೇಡಂ! ಏಳು ಗಂಟೆ ಮೇಡಂ!"

"ಓ, ನಮ್ಮ ಮೇಡಮ್ಮಾ? ಒಳಗೆ ಯಾಕೆ ನೋಡ್ದೆ ನೀನು? ಬಿಸಿಲಲ್ಲಿ ನೋಡು ಅಂತ ಹೇಳಿಲ್ವಾ?"

"ಬಿಸಿಲಲ್ಲೇ ನೋಡ್ದೆ! ಅದಕ್ಕೇ ಎಡವಟ್ಟಾಗಿದ್ದು! ನೀನು ಯಾವಾಗ್ಲೂ ಬಿಸಿಲಿಗೇ ಯಾಕೆ ತಗೊಂಡು ಹೋಗ್ತಿದ್ದೆ ಅಪ್ಪ?"

ತಗಡು ಬಡಿಯುವ ಸದ್ದು ನಿಂತಿತು. ಅಪ್ಪ ಯಾರಿಗೋ ಸುಮ್ಮನಿರು ಎಂದಿರಬೇಕು. "ಯಾಕೆ ಅಂದ್ರೆ? ಗಾಡಿ ಬಿಸಿಲಲ್ಲಿ ತಾನೇ ಓಡಾಡೋದು? ಶೆಡ್ಡಿನ ಲೈಟಲ್ಲಿ ನೋಡಿ ಏನು ಮಾಡ್ಲಿ, ಗಾಡಿಯೇನು ನನ್ನ ಶೆಡ್ಡಲ್ಲೇ ಸಂಸಾರ ಮಾಡುತ್ತಾ? ಅದು ಹೋಗಿ ಇರೋ ಜಾಗದಲ್ಲಿ ನೋಡ್ಬೇಕು."

ಹನಿಯಕ್ಕ ಕಾರಿಡಾರಿನಲ್ಲಿ ನಿಂತ ಕಡೆಯೇ ಹಣೆ ಚಚ್ಚಿಕೊಂಡಳು. ಮೂವತ್ತು ವರ್ಷ! ಮೂವತ್ತು ವರ್ಷದಿಂದ ಅಪ್ಪನ ಮಾತನ್ನು ಹಿಡಿದುಕೊಂಡಿದ್ದಳು, ಗಿರಾಕಿಗಳನ್ನು ಬಿಸಿಲಿಗೆ ಎಳೆದದ್ದೇ ಎಳೆದದ್ದು, ಆ ಮಾತು ಯಾಕೆ ಎಂದು ಒಂದು ಸಲವೂ ಕೇಳಿರಲಿಲ್ಲ. ಮೇಡಂ ಬಿಸಿಲಲ್ಲಿ ವಾರ್ತೆ ಓದುವುದಿಲ್ಲ! ಮೇಡಂ ಇರುವುದು ಆ ಹೊಸ ದೀಪಗಳ ಕೆಳಗೆ, ಆ ದೀಪದ ಬೆಳಕು ನೀಲಿ ಬೆರೆತ ಹಸಿರಿನ ಕಡೆ ವಾಲುತ್ತದೆ. ಅಲ್ಲಿ ಸಾಸಿವೆಯಷ್ಟು ಹಸಿರು ಹಚ್ಚಿದರೆ ದೀಪದ ಹಸಿರೂ ಸೇರಿ ಪಾಚಿಯಾಗುತ್ತದೆ. ಬಿಸಿಲು ತನ್ನ ಪಾಲಿನ ಕಿತ್ತಳೆಯನ್ನು ಪುಕ್ಕಟೆ ಕೊಟ್ಟಿತ್ತು, ದೀಪ ಕೊಡುವುದಿಲ್ಲ. ಕೊಡದಿದ್ದರೆ ತಾನೇ ಹಾಕಬೇಕು.

"ಅಪ್ಪ, ಇಡ್ತೀನಿ!"

"ಒಂದೇ ಹನಿ ಕಣೇ, ಜಾಸ್ತಿ—"

ಅಷ್ಟರಲ್ಲಿ ಫೋನು ಜೇಬು ಸೇರಿತ್ತು.

ಹನ್ನೊಂದು ಎಂಟು. ಡಬ್ಬಿ, ಹತ್ತಿ, ಬ್ರಷ್ಷು, ಎಲ್ಲವನ್ನೂ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಹನಿಯಕ್ಕ ಸ್ಟುಡಿಯೋಗೆ ನುಗ್ಗಿ ಗಂಟನ್ನು ದೋಣಿ ಮೇಜಿನ ಮೇಲೆಯೇ ಬಿಚ್ಚಿದಳು. ಆ ಮೇಜಿನ ಮೇಲೆ ಕಾಗದ ಬಿಟ್ಟು ಬೇರೇನನ್ನೂ ಇಡಬಾರದೆಂದು ಬೋರ್ಡೇ ಇತ್ತು.

"ಅಣ್ಣ, ದೀಪ ಎಲ್ಲ ಹಾಕು. ಕ್ಯಾಮೆರಾ ಮೇಡಂ ಮುಖಕ್ಕೆ ಹಿಡಿ. ಆ ಟೀವಿನ ನನ್ನ ಕಡೆ ತಿರುಗಿಸು."

"ಹನಿಯಕ್ಕ, ಇಲ್ಲಿ ಮೇಕಪ್ ಮಾಡಂಗಿಲ್ಲ," ಎಂದ ಕ್ಯಾಮೆರಾಮನ್ನು.

"ಮೇಕಪ್ ಯಾರು ಮಾಡ್ತಿದ್ದಾರೆ? ಬಣ್ಣ ಹೊಂದಿಸ್ತಾ ಇದೀನಿ. ತಿರುಗಿಸಣ್ಣ!"

ಅವನು ತಿರುಗಿಸಿದ. ಹನಿಯಕ್ಕ ಹತ್ತಿ ಅದ್ದಿ ಮೇಡಂ ಮುಖವನ್ನು ಪೂರ್ತಿ ಒರೆಸಿದಳು. ಬಂಗು, ಕಪ್ಪು, ಕೆಂಪು ಎಲ್ಲ ಗೋಡೆಯಗಲದ ಟೀವಿಯಲ್ಲಿ ಹಾಜರಾದವು. ಮೇಡಂ ಒಮ್ಮೆ ಅದನ್ನು ದಿಟ್ಟಿಸಿ ನೋಡಿದರು. "ಓಹೋ, ಇಷ್ಟು ದೊಡ್ಡದಾಗಿ ನನ್ನನ್ನ ನಾನೇ ನೋಡಿರ್ಲಿಲ್ಲ. ಪರವಾಗಿಲ್ಲ, ಗಟ್ಟಿಮುಟ್ಟಾಗಿದೀನಿ," ಎಂದರು. ಮೇಜಿನ ಕೆಳಗೆ ಮಾತ್ರ ಅವರ ಕಾಲು ಒಂದೇ ಸಮ ಅಲ್ಲಾಡುತ್ತಿತ್ತು. ಹನಿಯಕ್ಕ ಅದನ್ನು ನೋಡಿದಳು, ನೋಡದವಳ ಹಾಗೆ ಕೆಲಸಕ್ಕೆ ಇಳಿದಳು.

ಶೆಡ್ಡಿನ ತಗಡಿನ ಚೂರಿನ ಬದಲು ಈ ಸಲ ದವಡೆ. ದವಡೆಯ ಅಂಚಿನಲ್ಲಿ ಮೂರು ಚುಕ್ಕೆ ಇಟ್ಟಳು: ಬರೀ ಪೀಚ್, ಪೀಚು ಕಿತ್ತಳೆ, ಬರೀ ಕಿತ್ತಳೆ. ಮೂರರ ಮೇಲೂ ಮೈಬಣ್ಣ ತಟ್ಟಿದಳು. ಮುಖ ನೋಡಲಿಲ್ಲ, ಟೀವಿ ನೋಡಿದಳು. ಮೊದಲನೆಯದು ಬೂದಿ. ಎರಡನೆಯದು ಮಂಕು. ಮೂರನೆಯ ಚುಕ್ಕೆ ಎಲ್ಲಿ? ಕಾಣಲಿಲ್ಲ! ಕಾಣಲಿಲ್ಲ ಎಂದರೆ ಅದೇ ಸರಿ!

ಕೈ ಮುಖದ ಮೇಲೆ, ಕಣ್ಣು ಟೀವಿಯ ಮೇಲೆ. ಮೊದಲೆರಡು ನಿಮಿಷ ಎಡಕ್ಕೆ ತಟ್ಟಲು ಹೋಗಿ ಬಲಕ್ಕೆ ತಟ್ಟಿದಳು, ಒಂದು ಸಲ ನೇರ ಮೇಡಂ ಮೂಗಿನ ತುದಿಗೇ ಇಟ್ಟಳು.

"ಅಲ್ಲಿ ನಂಗೇನೂ ತೊಂದ್ರೆ ಇರ್ಲಿಲ್ಲ," ಎಂದರು ಮೇಡಂ.

"ಸಾರಿ ಮೇಡಂ. ಟೀವೀಲಿ ನೀವು ಉಲ್ಟಾ ಇದೀರಿ."

"ಹಾಗಂತ ಮನೇಲೂ ಹೇಳ್ತಾರೆ."

ಕ್ಯಾಮೆರಾಮನ್ನು ಕಿಸಕ್ಕೆಂದ. ಆಮೇಲೆ ಅವನೂ ಕೆಲಸಕ್ಕೆ ಇಳಿದ. "ಅಕ್ಕ, ಎಡಗೆನ್ನೆ ಹತ್ರ ತರ್ಲಾ?" "ತಾ." "ಇನ್ನೂ?" "ಇನ್ನೂ ತಾ, ರೋಮ ಎಣಿಸೋ ಹಾಗೆ ತಾ." ಎಡಗೆನ್ನೆ ಟೀವಿಯ ತುಂಬ ಹರಡಿತು, ಬಂಗು ಒಂದು ನಕ್ಷೆಯ ಹಾಗೆ ಕಂಡಿತು. ಹನಿಯಕ್ಕ ಆ ನಕ್ಷೆಯ ಗಡಿ ದಾಟದೆ, ಒಳಗೊಳಗೇ ಕಿತ್ತಳೆ ತುಂಬಿದಳು. ಎಷ್ಟು? ಒಂದೇ ಹನಿ, ಬೆರಳಿನಿಂದ ಬೆರಳಿಗೆ ತಟ್ಟಿ ತೆಳುಮಾಡಿ. ಕಣ್ಣಿನ ಕೆಳಗೆ ಒಳಮೂಲೆಯಲ್ಲಿ ಮಾತ್ರ. ಮೂಗಿನ ಪಕ್ಕಕ್ಕೆ ಹಸಿರು ಬೇಡವೇ ಬೇಡ, ದೀಪವೇ ಆ ಕೆಲಸ ಮಾಡುತ್ತಿದೆಯಲ್ಲ, ತೀರಾ ತೆಳು ಹಳದಿ ಸಾಕು. ಎಲ್ಲ ಕೂರಲಿ ಎಂದು ಕೈ ಕಟ್ಟಿ ಒಂದು ನಿಮಿಷ ಸುಮ್ಮನೆ ನಿಂತಳು. ಗಡಿಯಾರ ಹನ್ನೊಂದು ಇಪ್ಪತ್ತನಾಲ್ಕು ತೋರಿಸುತ್ತಿದ್ದಾಗ ಸುಮ್ಮನೆ ನಿಲ್ಲುವುದಿದೆಯಲ್ಲ, ಅದೇ ಇಡೀ ದಿನದ ಅತಿ ಕಷ್ಟದ ಕೆಲಸ! ಆದರೆ ಹಸಿ ಬಣ್ಣದ ಮೇಲೆ ಬಣ್ಣ ಹೊಡೆದರೆ ಎರಡೂ ಹಾಳು, ಇದನ್ನು ಅಪ್ಪ ಹೇಳಿಕೊಡಬೇಕಾಗಿರಲಿಲ್ಲ, ಎಷ್ಟೋ ಕಾರುಗಳ ಬಾಗಿಲುಗಳು ಹೇಳಿದ್ದವು.

ಮೇಡಂ ಆ ಒಂದು ನಿಮಿಷ ತುಟಿ ಮಾತ್ರ ಅಲ್ಲಾಡಿಸಿ ಹಳೇ ವಾರ್ತೆಯೊಂದನ್ನು ಓದಿಕೊಂಡರು. ಮೇಜಿನ ಕೆಳಗಿನ ಕಾಲು ನಿಂತಿತ್ತು.

ಮೈಬಣ್ಣ. ಫೌಂಡೇಶನ್ ಮುಖದ ನಡುವಿನಿಂದ ಅಂಚಿಗೆ, ಗೆರೆಗಳ ಮೇಲೆ ಹೆಚ್ಚು ನಿಲ್ಲದಂತೆ. ಪೌಡರು ಹಣೆಗೆ ಮತ್ತು ಮೂಗಿಗೆ ಮಾತ್ರ. ಹನಿಯಕ್ಕ ಗಂಟನ್ನು ಮೇಜಿನಿಂದ ಸರಕ್ಕನೆ ಎಳೆದುಕೊಂಡು ಅದರಡಿಗೆ ನುಸುಳಿ ಕೂರುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಪ್ರೊಡ್ಯೂಸರ್ ಒಳಗೆ ಬಂದವರು ಟೀವಿಯ ಮುಂದೆ ನಿಂತೇ ನಿಂತರು. ಆ ಕಡೆಯಿಂದ ನೋಡಿದರು. ಈ ಕಡೆಯಿಂದ ನೋಡಿದರು. "ಹತ್ರ ಹೋಗಿ," ಎಂದರು. ಕ್ಯಾಮೆರಾಮನ್ನು ಹತ್ತಿರ ಹೋದ. "ಇನ್ನೂ." ಇನ್ನೂ ಹೋದ. ಎಡಗೆನ್ನೆಯಲ್ಲಿ ನಕ್ಷೆ ಇರಲಿಲ್ಲ. ಕಣ್ಣಿನ ಕೆಳಗೆ ಸಿಮೆಂಟು ಇರಲಿಲ್ಲ. ಏನಾದರೂ ಹುಡುಕಲೇಬೇಕಲ್ಲ, ಪ್ರೊಡ್ಯೂಸರ್ ಹುಡುಕಿದರು.

"ಇಲ್ಲಿ ಗೆರೆ ಕಾಣ್ತಾ ಇದೆ ಮೇಡಂ."

"ಗೆರೆ ನನ್ನದೇ. ಬಂಗು ಕಾಣ್ತಿದೆಯಾ?"

"ಇಲ್ಲ."

"ಕಪ್ಪು?"

"ಇಲ್ಲ."

"ಹಾಗಾದ್ರೆ ರೆಕಾರ್ಡ್ ಮಾಡಿ. ನಿಮಗೆ ತಡ ಆಗತ್ತೆ."

ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತಿತು. ಮೇಡಂ ಕಣ್ಣೆತ್ತಿ, ಎಂದಿನ ಆ ಅರ್ಧ ನಗೆ ನಕ್ಕು, "ನಮಸ್ಕಾರ. ಈಗ ಪ್ರಮುಖ ಸುದ್ದಿಗಳು," ಎಂದರು. ನಕ್ಕಾಗ ಗೆರೆಗಳು ಎದ್ದು ಬಂದವು, ಬಣ್ಣ ಎಲ್ಲೂ ಬಿರಿಯಲಿಲ್ಲ. ಮೇಜಿನ ಕೆಳಗೆ ಟವೆಲ್ ಗಂಟನ್ನು ಅಪ್ಪಿಕೊಂಡು ಕೂತಿದ್ದ ಹನಿಯಕ್ಕನಿಗೆ ಅಲ್ಲಿಂದ ಕಂಡದ್ದು ಮೇಡಂ ಚಪ್ಪಲಿ ಮಾತ್ರ. ಆದರೂ ಗೊತ್ತಿತ್ತು ಅವಳಿಗೆ, ಚೆನ್ನಾಗಿ ಗೊತ್ತಿತ್ತು.

ಮೇಲಿನವರು ಒಂದು ಗಂಟೆಗೆ ಸರಿ ಎಂದರು. ಪ್ರೊಡ್ಯೂಸರ್ ಬಂದು ಹೇಳಿದಾಗ ಮೇಡಂ ತಲೆದೂಗಿ, "ಬೆಳಗಿನ ಹುಡುಗಿಗೆ ಹೇಳಿ, ಇನ್ನೊಂದು ಹತ್ತು ವರ್ಷ ಚೆನ್ನಾಗಿ ನಿದ್ದೆ ಮಾಡ್ಲಿ," ಎಂದರು. ಬಾಗಿಲು ಮುಚ್ಚಿದ ಮೇಲೆ ತಿರುಗುವ ಕುರ್ಚಿಯಲ್ಲಿ ಕೂತು ಈ ಸಲ ಪೂರ್ತಿ ಮೂರು ಸುತ್ತು ತಿರುಗಿದರು, ಚಪ್ಪಲಿ ಹಾರಿಹೋಗುವಷ್ಟು ಜೋರಾಗಿ!

ಸೋಮವಾರದಿಂದ ಹೊಸ ಕ್ಯಾಮೆರಾದಲ್ಲಿ ಏಳರ ವಾರ್ತೆ. ಆರೂಕಾಲಿಗೇ ಹನಿಯಕ್ಕ ಸ್ಟುಡಿಯೋದೊಳಗೆ, ಹೊಸ ದೀಪಗಳ ಕೆಳಗೆ, ನೆಲಕ್ಕೆ ಅಂಟಿಸಿದ ಹಳದಿ ಟೇಪಿನ ಗುರುತಿನ ಮೇಲೆ ತನ್ನ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಳು. ಮೇಜಿನ ಮೇಲಿದ್ದ ಬೋರ್ಡಿನಲ್ಲಿ ಕಾಗದ ಎಂಬ ಮಾತಿನ ಪಕ್ಕ ಯಾರೋ ಪೆನ್ನಿನಿಂದ "ಮತ್ತು ಹನಿಯಕ್ಕನ ಡಬ್ಬಿ" ಎಂದು ಸೇರಿಸಿದ್ದರು, ಅಕ್ಷರ ಕ್ಯಾಮೆರಾಮನ್ನಿನದೇ. ಗೇಟಿನ ತಾತನಿಗೆ ಮಾತ್ರ ಬೇಜಾರು. "ಒಣಗ್ಸೋಕೆ ಇನ್ನು ಹೊರಗೆ ಬರಲ್ವೇನಮ್ಮಾ?"

ವಾರ್ತೆ ಮುಗಿದು ಒಂದು ನಿಮಿಷವೂ ಆಗಿರಲಿಲ್ಲ, ಫೋನು.

"ನೋಡ್ದೆ," ಎಂದರು ಅಪ್ಪ. "ಎದ್ದು ಟೀವಿ ಹತ್ರ ಹೋಗಿ ನೋಡ್ದೆ. ಕಣ್ಣಿನ ಕೆಳಗೆ ಚೆನ್ನಾಗಿದೆ. ಮೂಗು ಚೆನ್ನಾಗಿದೆ."

"ಹೂಂ?"

"ಎಡಗೆನ್ನೆ ಒಂದು ಹನಿ ಕೆಂಪಾಯ್ತು ಕಣೇ."

ಹಳೇ ಹನಿಯಾಗಿದ್ದರೆ ಆಗಲೇ ಡಬ್ಬಿ ತೆರೆದು ಹುಡುಕುತ್ತಿದ್ದಳು. ಹನಿಯಕ್ಕ ಬ್ರಷ್ಷು ತೊಳೆಯುತ್ತ, ಫೋನನ್ನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ಕೇಳಿದಳು, "ಅಪ್ಪ, ಮೇಡಂ ಆದ್ಮೇಲೆ ಹವಾಮಾನ ಹೇಳೋ ಹುಡುಗ ಬಂದನಲ್ಲ, ಅವನ ಎಡಗೆನ್ನೆ?"

"ಅವನೂ ಕೆಂಪಗೇ ಇದ್ದ," ಎಂದರು ಅಪ್ಪ.

"ನಿನ್ನ ಟೀವಿಗೆ ಒಂದು ಹನಿ ಹಸಿರು ಹಾಕಪ್ಪ," ಎಂದಳು ಹನಿಯಕ್ಕ.